ಶರ್ಟ್ ಮೂಸೋದು ಬಿಡಿ, ಬೆಡ್‌ಶೀಟ್ ಮಡಚಿ

ಹೋದ ಸಲ ಈ ಕಾಲಂನಲ್ಲಿ ಮಾತಿಗೆ ಮಾತು ಬಂದು, ನಾನೂ ಹಿಂದೆ ದಿನಕ್ಕೆ 20 ಸಿಗರೇಟ್ ಸೇದ್ತಿದ್ದೆ, ಐದನೇ ಸಲಕ್ಕೆ ಬಿಟ್ಟೆ ಅಂತ ಒಂದೇ ಒಂದು ಸಾಲು ಬರ್ದಿದ್ದೆ. ಅದಕ್ಕೆ ಬಂದಿರೋ ಪತ್ರಗಳ ರಾಶಿ ನೋಡಿ ಸಂಪಾದಕರು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದಾರೆ. ತಮಾಷೆ ಅಂದ್ರೆ ಬರ್ದೋರಲ್ಲಿ ಸೇದೋರು ಕಮ್ಮಿ, ಸೇದೋರ ಹೆಂಡ್ತಿ, ಮಕ್ಕಳು, ಫ್ರೆಂಡ್ಸೇ ಜಾಸ್ತಿ. ನಾನು ಡಾಕ್ಟರ್ ಅಲ್ಲ, ಬಿಟ್ಟೋನು ಅಷ್ಟೇ, ಬಿಡೋ ಟೈಮಲ್ಲಿ ಕೈಗೆ ಸಿಕ್ಕಿದ್ದೆಲ್ಲಾ ಓದಿದ್ದೀನಿ, ಅದನ್ನ ಮನಸಲ್ಲಿಟ್ಕೊಂಡು ಓದಿ.

ಪ್ರಶ್ನೆ: ಸರ್, ನಮ್ಮ ಯಜಮಾನ್ರು 22 ವರ್ಷದಿಂದ ಸೇದ್ತಿದ್ದೋರು, ಬಿಟ್ಟು ಇವತ್ತಿಗೆ ನಾಲ್ಕು ದಿನ. ಖುಷಿ ಪಡ್ಬೇಕೋ ಅಳ್ಬೇಕೋ ಗೊತ್ತಾಗ್ತಿಲ್ಲ, ಮಾತೆತ್ತಿದ್ರೆ ಸಿಡುಕು, ನಿನ್ನೆ ಟೀವಿ ರಿಮೋಟ್ ಸಿಗ್ಲಿಲ್ಲ ಅಂತ ಮಗನ ಮೇಲೆ ರೇಗಾಡಿಬಿಟ್ರು. ನಂಗೂ ತಡೆಯೋಕಾಗ್ದೆ "ಇದಕ್ಕಿಂತ ನೀವು ಸೇದ್ಕೊಂಡಿದ್ದಾಗ್ಲೇ ಚೆನ್ನಾಗಿತ್ತು" ಅಂದ್ಬಿಟ್ಟೆ. ತಪ್ಪಾಯ್ತಾ? (ಹೆಸರು ಬೇಡ)

ತಪ್ಪಾಯ್ತು ಕಣಮ್ಮ, ಆದ್ರೆ ಯಾರ ಮನೇಲಿ ಆ ಮಾತು ಬಂದಿಲ್ಲ ಹೇಳಿ. ಇವತ್ತೇ ಹೋಗಿ "ಆ ಮಾತು ವಾಪಸ್ ತಗೊಂಡೆ" ಅಂತ ಹೇಳ್ಬಿಡಿ, ಯಾಕಂದ್ರೆ ಬಿಡ್ತಿರೋನ ತಲೇಲಿ ಮತ್ತೆ ಸೇದೋಕೆ ಒಂದು ನೆಪ ಹುಡುಕೋ ಕೆಲಸ ಹಗಲು ರಾತ್ರಿ ನಡೀತಿರುತ್ತೆ, ಹೆಂಡ್ತಿ ಬಾಯಿಂದಾನೇ ಬಂದ್ರೆ ಅದಕ್ಕಿಂತ ಒಳ್ಳೆ ನೆಪ ಇಲ್ಲ.

ಒಳಗೆ ಏನಾಗ್ತಿದೆ ಅಂದ್ರೆ, ಒಂದು ದಮ್ ಎಳೆದ್ರೆ ನಿಕೋಟಿನ್ ಮೆದುಳು ಮುಟ್ಟೋಕೆ 10-20 ಸೆಕೆಂಡ್ ಸಾಕು, ಮುಟ್ಟಿದ ಕೂಡ್ಲೇ ಡೋಪಮೈನ್ ಬಿಡುಗಡೆ ಆಗುತ್ತೆ, ಹಾಯ್ ಅನ್ಸುತ್ತೆ. ಆಮೇಲೆ ರಕ್ತದಲ್ಲಿರೋ ನಿಕೋಟಿನ್ ಸುಮಾರು ಎರಡು ಗಂಟೇಲಿ ಅರ್ಧಕ್ಕಿಳಿಯುತ್ತೆ, ಅದಕ್ಕೇ ಸೇದೋನು ಗಂಟೆಗೊಂದ್ಸಲ ಎದ್ದು ಹೊರಗೆ ಹೋಗೋದು. 22 ವರ್ಷ ಮೆದುಳು ಇದಕ್ಕೇ ಒಗ್ಗಿಹೋಗಿದೆ, ಈಗ ಏಕ್‌ದಂ ಸಪ್ಲೈ ನಿಂತಿದೆ. ಸಿಡುಕು, ನಿದ್ದೆ ಬರ್ದೇ ಇರೋದು, ಮನಸ್ಸು ಒಂದು ಕಡೆ ನಿಲ್ದೇ ಇರೋದು, ಸಿಕ್ಕಾಪಟ್ಟೆ ಹಸಿವು, ಮಲಬದ್ಧತೆ, ಇವೆಲ್ಲಾ ಮೊದಲ ವಾರದಲ್ಲೇ ಜೋರು, ಅದರಲ್ಲೂ ಎರಡನೇ ಮೂರನೇ ದಿನ ಕೈಗೇ ಸಿಗಲ್ಲ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಅಂದ್ರೆ ನೀವು ಪತ್ರ ಬರ್ದಿದ್ದು ಗುಡ್ಡದ ತುದೀಲಿ ನಿಂತ್ಕೊಂಡು, ಮಗನಿಗೂ ಇದನ್ನ ಹೇಳಿ, ಅಪ್ಪ ರೇಗಿದ್ದು ರಿಮೋಟಿಗಲ್ಲ ಅಂತ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಸಿಗರೇಟ್ ಹೊಗೇಲಿರೋ ಕೆಲವು ಅಂಶಗಳು ಲಿವರ್‌ಗೆ ಚುರುಕು ಮುಟ್ಟಿಸಿ ಕೆಫೀನನ್ನ ಬೇಗ ಬೇಗ ಕರಗಿಸೋ ಹಾಗೆ ಮಾಡಿರ್ತವೆ. ಸಿಗರೇಟ್ ನಿಂತ್ರೆ ಲಿವರ್ ಮಾಮೂಲಿ ಸ್ಪೀಡಿಗೆ ಬರುತ್ತೆ, ಆದ್ರೆ ಕಾಫಿ ಟೀ ಮಾತ್ರ ಮೊದಲಿನಷ್ಟೇ ಕುಡೀತಿರ್ತಾರೆ, ಕೆಫೀನ್ ರಕ್ತದಲ್ಲೇ ಉಳ್ಕೊಳುತ್ತೆ. ಎದೆ ಡವಡವ, ಕೈ ನಡುಕ, ರಾತ್ರಿ ಕಣ್ಣು ಮುಚ್ಚಲ್ಲ, ಇದೆಲ್ಲಾ ಸಿಗರೇಟ್ ಬಿಟ್ಟಿದ್ದಕ್ಕೇ ಅಂತ ಅಂದ್ಕೊಂಡುಬಿಡ್ತಾರೆ. ಕಾಫಿ ಟೀ ಅರ್ಧಕ್ಕೆ ಇಳಿಸಿ ನೋಡಿ, ಜಗಳಾನೂ ಸ್ವಲ್ಪ ಇಳಿಯುತ್ತೆ.

ಇನ್ನು ನೀವು ಏನು ಮಾಡ್ಬೇಕು ಅಂತ ಕೇಳಿದ್ರೆ ನನ್ನ ಮನೆ ಕಥೆನೇ ಹೇಳ್ತೀನಿ. ಮೊದಲ ನಾಲ್ಕು ಸಲ ನಾನು ಬಿಟ್ಟಾಗ ನನ್ನ ಹೆಂಡ್ತಿ ಪೊಲೀಸ್ ಆಗಿದ್ಲು, ಬಾಗಿಲಲ್ಲೇ ನಿಲ್ಸಿ ಶರ್ಟ್ ಕಾಲರ್ ಮೂಸೋಳು, ಜೇಬು ತಡಕೋಳು. ನಾನೇನು ಸೇದೋದು ಬಿಟ್ನಾ, ಬಚ್ಚಿಡೋದು ಕಲಿತೆ, ಸೋಪ್ ಹಾಕಿ ಮೊಣಕೈವರೆಗೂ ಕೈ ತೊಳ್ಕೊಂಡು ಮನೆಗೆ ಬರೋದು, ಬ್ಯಾಗಲ್ಲಿ ಇನ್ನೊಂದು ಶರ್ಟ್. ಐದನೇ ಸಲ ಅವಳು ಏನೂ ಕೇಳ್ಲಿಲ್ಲ. ನಾನು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ಸುತ್ತೋಕೆ ಶುರು ಮಾಡಿದ್ರೆ ಸಾಕು, "ರೀ, ಈ ಬೆಡ್‌ಶೀಟ್ ಒಂದು ತುದಿ ಹಿಡ್ಕೊಳಿ" ಅಂತ ರೂಮಿಂದ ಕರೆಯೋಳು. ಎರಡು ತುದಿ ಜೋಡ್ಸಿ, ಕೊಡವಿ, ಮಡಚಿ, ಅವಳ ಹತ್ರ ಹೋಗಿ ತುದಿ ಕೊಟ್ಟು ಮತ್ತೆ ಬಗ್ಗಿ ಕೆಳಗಿನ ಮಡಿಕೆ ಎತ್ಕೊಂಡು... ಹಿಂಗೆ ಮೂರು ಬೆಡ್‌ಶೀಟ್ ಆಗೋವಷ್ಟರಲ್ಲಿ ತಲಬು ಇಳಿದಿರೋದು. ಆ ಮನೇಲಿ ಇಷ್ಟೊಂದು ಬೆಡ್‌ಶೀಟ್ ಎಲ್ಲಿಂದ ಬರ್ತಿದ್ವು ಅಂತ ನಂಗೆ ಹೊಳೀಲೇ ಇಲ್ಲ, ಮಡಚಿಟ್ಟಿದ್ದನ್ನೇ ಬಿಚ್ಚಿ ಮತ್ತೆ ಕರೀತಿದ್ಲು ಅಂತ ವರ್ಷ ಆದ್ಮೇಲೆ ಗೊತ್ತಾಯ್ತು. ಸೇದ್ಲೇಬೇಕು ಅನ್ನೋ ಆ ಅಲೆ ಬಂದು ಹೋಗೋದು ಸಾಮಾನ್ಯವಾಗಿ ಕೆಲವೇ ನಿಮಿಷ, ಹೆಚ್ಚಂದ್ರೆ ಹತ್ತು. ಅಷ್ಟು ಹೊತ್ತು ಎರಡೂ ಕೈಗೆ ಕೆಲಸ ಕೊಟ್ರೆ ಆಯ್ತು, ಭಾಷಣ ಏನೂ ಬೇಕಾಗಿಲ್ಲ.

ಪ್ರಶ್ನೆ: ನನ್ನ ಕ್ಲೋಸ್ ಫ್ರೆಂಡ್ ಸಿಗರೇಟ್ ಬಿಡ್ತೀನಿ ಅಂತ ಹಠ ಹಿಡಿದಿದ್ದಾನೆ, ಸಪೋರ್ಟ್ ಮಾಡು ಅಂತ ನನ್ನೇ ಕೇಳಿದ್ದಾನೆ. ಕಾಮಿಡಿ ಏನಂದ್ರೆ ನಾನೇ ಸೇದ್ತೀನಿ, ಹತ್ತು ವರ್ಷದಿಂದ ಇಬ್ರೂ ಒಟ್ಟಿಗೇ ಬ್ರೇಕ್‌ಗೆ ಹೋಗೋರು. ಯಾವ ಮುಖ ಇಟ್ಕೊಂಡು ಬುದ್ಧಿ ಹೇಳ್ಲಿ?

ಬುದ್ಧಿ ಹೇಳು ಅಂತ ಅವನು ಕೇಳೇ ಇಲ್ವಲ್ಲ ಮಾರಾಯ, ಸಪೋರ್ಟ್ ಕೇಳಿದ್ದಾನೆ. ಅವನು ಈಗ್ಲೇ ಸಮಾಧಾನವಾಗಿರೋವಾಗ ಒಂದು ಒಪ್ಪಂದ ಮಾಡ್ಕೊಳಿ, "ನಾನು ಕಾಲಿಗೆ ಬಿದ್ದು ಕೇಳಿದ್ರೂ ಕೊಡ್ಬೇಡ" ಅಂತ ಅವನ ಬಾಯಲ್ಲೇ ಹೇಳ್ಸಿ. ಯಾಕಂದ್ರೆ ಕೇಳೇ ಕೇಳ್ತಾನೆ, "ಒಂದೇ ಪಫ್ ಮಗಾ" ಅಂತಾನೆ, ಆವಾಗ ಕೊಡೋದು ದೋಸ್ತಿ ಅನ್ಸುತ್ತೆ, ಅಲ್ಲ. ಅವನೆದುರು ಸೇದ್ಬೇಡಿ, ಪ್ಯಾಕ್ ಟೇಬಲ್ ಮೇಲೆ ಇಡ್ಬೇಡಿ. ಆದ್ರೆ ಬ್ರೇಕ್ ನಿಲ್ಲಿಸ್ಬೇಡಿ, ಇದು ಮುಖ್ಯ. ಸಿಗರೇಟ್ ಜೊತೆಗೆ ಹರಟೆನೂ ಹೋಯ್ತು ಅಂದ್ರೆ ಅವನಿಗೆ ಎರಡೆರಡು ನಷ್ಟ, ಅದೇ ಟೈಮಿಗೆ ಎದ್ದು ಬೇರೆ ದಾರೀಲಿ ಒಂದು ರೌಂಡ್ ನಡೆದು ಬನ್ನಿ.

ಮತ್ತೆ ಇದನ್ನೂ ಓದಿ, ಆಮೇಲೆ ಬೈಕೊಳಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 12,067 ಜನರನ್ನ 1971ರಿಂದ 2003ರವರೆಗೆ ಗಮನಿಸಿದ ಲೆಕ್ಕ 2008ರಲ್ಲಿ ಪ್ರಕಟ ಆಯ್ತು. ಗಂಡ ಹೆಂಡ್ತೀಲಿ ಒಬ್ರು ಬಿಟ್ರೆ ಇನ್ನೊಬ್ರು ಸೇದೋ ಸಾಧ್ಯತೆ 67% ಇಳಿದಿತ್ತು, ಒಬ್ಬ ಫ್ರೆಂಡ್ ಬಿಟ್ರೆ ಇನ್ನೊಬ್ಬ ಫ್ರೆಂಡ್ ಸೇದೋ ಸಾಧ್ಯತೆ 36% ಇಳಿದಿತ್ತು. ಜನ ಗುಂಪು ಗುಂಪಾಗಿ ಬಿಡ್ತಾರಂತೆ. ಹಾಗಾಗಿ ಯಾರು ಯಾರಿಗೆ ಸಪೋರ್ಟ್ ಮಾಡ್ತಿರೋದು ಅಂತ ಆರು ತಿಂಗಳಾದ್ಮೇಲೆ ಬರೀರಿ ನೋಡೋಣ.

ಪ್ರಶ್ನೆ: ಐದು ವಾರ ಒಂದೂ ಮುಟ್ಟಿರ್ಲಿಲ್ಲ ಸರ್. ಹೋದ ಶನಿವಾರ ಒಂದು ಪಾರ್ಟೀಲಿ ಒಂದು ಸೇದ್ದೆ, ಭಾನುವಾರ ಇಡೀ ಪ್ಯಾಕ್ ಮುಗಿಸ್ದೆ. ಮನೇಲಿ ಹೇಳೋಕೆ ಧೈರ್ಯ ಇಲ್ಲ, ಮಗಳು ಕ್ಯಾಲೆಂಡರ್‌ನಲ್ಲಿ ದಿನಾ ಸ್ಟಾರ್ ಹಾಕ್ತಿದ್ಲು. ನನ್ನ ಕೈಲಿ ಆಗಲ್ಲ ಅನ್ಸುತ್ತೆ.

ಶನಿವಾರದ ಒಂದಕ್ಕೂ ಭಾನುವಾರದ ಪ್ಯಾಕಿಗೂ ಮಧ್ಯೆ ಒಂದು ಮಾತು ಬಂದಿರುತ್ತೆ ನಿಮ್ಮ ತಲೇಲಿ, "ಹೆಂಗೂ ಹಾಳಾಯ್ತಲ್ಲ" ಅಂತ. ಐದು ವಾರ ಹಾಳು ಮಾಡಿದ್ದು ಆ ಮಾತು, ಆ ಒಂದು ಸಿಗರೇಟ್ ಅಲ್ಲ. ನಾನು ಮೂರನೇ ಸಲ ಬಿದ್ದಿದ್ದೂ ಹಿಂಗೇ. ಉಳಿದಿದ್ರೆ ನೀರಲ್ಲಿ ನೆನೆಸಿ ಬಿಸಾಕಿ, ಬರೀ ಡಸ್ಟ್‌ಬಿನ್‌ಗೆ ಹಾಕಿದ್ರೆ ರಾತ್ರಿ ಹೋಗಿ ಎತ್ಕೊಂಡು ಬರ್ತೀರ (ಅನುಭವ!). ಮಗಳಿಗೆ ಹೇಳಿ, ಮಕ್ಕಳಿಗೆ ಸುಳ್ಳು ಹೇಳೋದಕ್ಕಿಂತ ಎರಡು ದಿನ ಸ್ಟಾರ್ ಇಲ್ದೇ ಇರೋದು ಮೇಲು. ಹಿಂದಿನ 35 ಸ್ಟಾರ್ ಅಳಿಸ್ಬೇಡ ಅಂತಾನೂ ಹೇಳಿ, ಅವು ದುಡಿದಿದ್ದು.

ನೀವು ಬರೀ ಮನಸ್ಸಿನ ಬಲದ ಮೇಲೆ ಬಿಟ್ಟಿದ್ದು ಅನ್ಸುತ್ತೆ, ಔಷಧಿ ಮಾತೇ ಪತ್ರದಲ್ಲಿಲ್ಲ. ಹಾಗೆ ಯಾವ ಸಹಾಯಾನೂ ಇಲ್ದೇ ಬಿಡೋಕೆ ಹೊರಟೋರಲ್ಲಿ ಒಂದು ಪ್ರಯತ್ನಕ್ಕೆ ನೂರರಲ್ಲಿ ಮೂರರಿಂದ ಐದು ಜನ ಮಾತ್ರ ಆರು ತಿಂಗಳು ವರ್ಷ ದಾಟೋದು, ಅದು ನಿಮ್ಮ ದೌರ್ಬಲ್ಯ ಅಲ್ಲ, ನಿಕೋಟಿನ್ ಅಷ್ಟು ಗಟ್ಟಿ. ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸ್ಕೊಳೋ ಪಟ್ಟಿ), ಗಮ್ ತಗೊಂಡ್ರೆ ಗೆಲ್ಲೋ ಅವಕಾಶ ಒಂದೂವರೆ ಪಟ್ಟು ಆಗುತ್ತೆ, ಪ್ಯಾಚ್ ಹಾಕ್ಕೊಂಡು ಜೊತೆಗೆ ಗಮ್ ಬಳಸಿದ್ರೆ ಇನ್ನೂ ಜಾಸ್ತಿ. ವರೆನಿಕ್ಲಿನ್ ಅನ್ನೋ ಮಾತ್ರೆನೂ ಇದೆ, ಅದನ್ನ ಡಾಕ್ಟರೇ ಬರ್ದು ಕೊಡ್ಬೇಕು, ಸಾಮಾನ್ಯವಾಗಿ 12 ವಾರದ ಕೋರ್ಸ್. ಗಮ್ ಬಗ್ಗೆ ಒಂದು ಮಾತು, ಬಬಲ್‌ಗಮ್ ಥರ ಕಚಕಚ ಅಗೀಬಾರ್ದು. ನಿಧಾನ ಅಗೀರಿ, ನಾಲಿಗೆ ಚುರುಗುಟ್ಟೋಕೆ ಶುರುವಾದ ಕೂಡ್ಲೇ ಕೆನ್ನೆ ಒಳಗೆ ವಸಡಿನ ಪಕ್ಕ ಇಟ್ಟುಬಿಡಿ, ಚುರುಚುರು ಹೋದ್ಮೇಲೆ ಮತ್ತೆ ನಾಲ್ಕು ಸಲ ಅಗೀರಿ, ಹಿಂಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗೋದು ಬಾಯಿ ಚರ್ಮದಿಂದ, ನುಂಗಿದ್ರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಅಷ್ಟೇ ಲಾಭ. ಹಾಕ್ಕೊಳೋ 15 ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸ್ ಬೇಡ. ಕಣ್ಣು ಬಿಟ್ಟ ಅರ್ಧ ಗಂಟೆ ಒಳಗೆ ಮೊದಲ ಸಿಗರೇಟ್ ಹಚ್ತಿದ್ರೆ 4 ಎಂಜಿ ಗಮ್, ಇಲ್ಲಾಂದ್ರೆ 2 ಎಂಜಿ. ಹಾರ್ಟ್ ಪ್ರಾಬ್ಲಂ ಏನಾದ್ರೂ ಇದ್ರೆ, ಬಸುರಿ ಹೆಂಗಸರಾದ್ರೆ, ಮೊದಲು ಡಾಕ್ಟರ್‌ನ ಕೇಳಿ.

ಪ್ರಶ್ನೆ: ನಮ್ಮಪ್ಪಂಗೆ 61. ಬಲವಂತಕ್ಕೆ ಬಿಟ್ಟು ಮೂರು ವಾರ ಆಯ್ತು, ಕೆಮ್ಮು ಮೊದಲಿಗಿಂತ ಜಾಸ್ತಿ ಆಗಿದೆ. "ನೋಡಿದ್ರಾ, ಬಿಟ್ಟಿದ್ದಕ್ಕೇ ಹಿಂಗಾಗಿದ್ದು, ಇಷ್ಟು ವರ್ಷ ಸೇದಿ ಆಯ್ತು ಇನ್ನು ಬಿಟ್ಟು ಏನಾಗ್ಬೇಕು" ಅಂತಾರೆ. ಏನಂತ ಹೇಳ್ಲಿ?

ಶ್ವಾಸನಾಳದ ಒಳಗೆ ಕಸ ಗುಡಿಸೋ ಸಣ್ಣ ಸಣ್ಣ ರೋಮಗಳಿರ್ತವೆ, ಹೊಗೆ ಅವನ್ನ ಮಲಗಿಸಿಬಿಟ್ಟಿರುತ್ತೆ. ಈಗ ಎದ್ದು ಹಳೇ ಕಫ ಎಲ್ಲಾ ಮೇಲಕ್ಕೆ ತಳ್ತಿವೆ, ಕೆಲವರಿಗೆ ಹಿಂಗೆ ಕೆಲವು ವಾರ ಕೆಮ್ಮು ಜಾಸ್ತಿ ಆಗುತ್ತೆ. ಆದ್ರೆ ಕಫದಲ್ಲಿ ರಕ್ತ ಕಂಡ್ರೆ, ಉಸಿರು ಕಟ್ಟಿದ್ರೆ, ತೂಕ ಇಳಿದ್ರೆ, ಕೆಮ್ಮು ನಿಲ್ಲದೇ ಹೋದ್ರೆ ತಡ ಮಾಡ್ದೆ ತೋರಿಸ್ಬೇಕು. ದಿನಾ ಯಾವ್ದಾದ್ರೂ ಮಾತ್ರೆ ತಗೊಳ್ತಿದ್ರೆ ಸಿಗರೇಟ್ ಬಿಟ್ಟಿದ್ದನ್ನ ಡಾಕ್ಟರಿಗೆ ಹೇಳಿ, ಕಾಫಿ ಕಥೇನೇ ಇಲ್ಲೂ, ಉಸಿರಾಟಕ್ಕೆ ಕೊಡೋ ಥಿಯೋಫಿಲಿನ್ ಥರದ ಕೆಲವು ಔಷಧಿ ಡೋಸ್ ಇಳಿಸ್ಬೇಕಾಗ್ಬಹುದು.

"ಇನ್ನು ಬಿಟ್ಟು ಏನಾಗ್ಬೇಕು" ಅನ್ನೋದಕ್ಕೆ ಉತ್ತರ ಬ್ರಿಟನ್ನಿನ ಡಾಕ್ಟರುಗಳ ಹತ್ರ ಇದೆ. ರಿಚರ್ಡ್ ಡಾಲ್ ಮತ್ತೆ ಬ್ರಾಡ್‌ಫರ್ಡ್ ಹಿಲ್ ಅನ್ನೋರು 1951ರಲ್ಲಿ ಅಲ್ಲಿನ ಡಾಕ್ಟರುಗಳನ್ನೇ ಕೇಳಿ ಲೆಕ್ಕ ಇಡೋಕೆ ಶುರು ಮಾಡಿದ್ರು, 50 ವರ್ಷದ ಫಲಿತಾಂಶ 2004ರಲ್ಲಿ ಬಂತು. ಸೇದ್ತಾನೇ ಇದ್ದೋರು ಸರಾಸರಿ ಹತ್ತು ವರ್ಷ ಮುಂಚೆ ಸತ್ತಿದ್ರು. 30ರಲ್ಲಿ ಬಿಟ್ಟೋರಿಗೆ ಆ ಹತ್ತೂ ವರ್ಷ ವಾಪಸ್ ಸಿಕ್ಕಿತ್ತು, 40ರಲ್ಲಿ ಬಿಟ್ಟೋರಿಗೆ 9, 50ರಲ್ಲಿ 6, ನಿಮ್ಮಪ್ಪನ ವಯಸ್ಸಲ್ಲಿ, ಅಂದ್ರೆ 60ರಲ್ಲಿ ಬಿಟ್ಟೋರಿಗೆ ಸುಮಾರು 3. ಮೂರು ವರ್ಷ ಕಮ್ಮಿ ಅನ್ಸಿದ್ರೆ, ಆ ಮೂರು ವರ್ಷದಲ್ಲಿ ಅವರ ಜೊತೆ ಏನೇನು ಮಾಡ್ಬೇಕು ಅಂತಿದ್ದೀರೋ ಅದನ್ನ ಅವರ ಮುಂದೆ ಹೇಳಿ, ಅಂಕಿ ಅಂಶಕ್ಕೆ ಬಗ್ಗದ ಅಪ್ಪಂದಿರು ಅದಕ್ಕೆ ಬಗ್ತಾರೆ.

ಪ್ರಶ್ನೆ: ಬಿಟ್ಮೇಲೆ ನಮ್ಮೆಜಮಾನ್ರು ದಪ್ಪ ಆಗ್ತಿದ್ದಾರೆ, ಡಯಟ್ ಶುರು ಮಾಡಿಸ್ಲಾ?

ಬೇಡ, ಈಗ್ಲೇ ಬೇಡ. ವರ್ಷದಲ್ಲಿ ನಾಲ್ಕೈದು ಕೆಜಿ ಏರೋದು ಮಾಮೂಲು. ಒಂದೇ ಸಲ ಎರಡು ಯುದ್ಧ ಮಾಡ್ಸಿದ್ರೆ ಎರಡೂ ಸೋಲ್ತಾರೆ. ಹೊಟ್ಟೆ ಬಗ್ಗೆ ಜೋಕ್ ಮಾಡೋ ನೆಂಟರನ್ನ ಮಾತ್ರ ಸ್ವಲ್ಪ ದೂರ ಇಡಿ.

ಪ್ರಶ್ನೆ: ಬಿಟ್ಟು ಎಂಟು ತಿಂಗಳಾಯ್ತು ಸರ್, ಆದ್ರೂ ಕನಸಲ್ಲಿ ಸೇದ್ತೀನಿ, ಎದ್ರೆ ಎದೆ ಹೊಡ್ಕೊಳ್ತಿರುತ್ತೆ, ತಪ್ಪು ಮಾಡ್ದಂಗೆ. ಮತ್ತೆ ಶುರುವಾಗುತ್ತೆ ಅನ್ನೋ ಸೂಚನೇನಾ ಇದು?

ಅಲ್ಲ. ಬಿಟ್ಟೋರಲ್ಲಿ ಬಹಳ ಜನಕ್ಕೆ ಬೀಳೋ ಕನಸು ಇದು, ಕನಸಲ್ಲೂ ತಪ್ಪು ಮಾಡ್ದೆ ಅನ್ಸಿದ್ರೆ ಒಳ್ಳೇದೇ ಆಯ್ತಲ್ಲ. ನಂಗೆ ಬಿಟ್ಟು ಹನ್ನೊಂದು ವರ್ಷ, ಮೊನ್ನೆ ಮೊನ್ನೆ ಒಂದು ರಾತ್ರಿ ಕನಸಲ್ಲಿ ಆರಾಮಾಗಿ ಬಾಲ್ಕನೀಲಿ ಕೂತು ಒಂದು ಪೂರ್ತಿ ಸೇದ್ದೆ, ದಡಕ್ಕನೆ ಎಚ್ಚರ ಆಗಿ ಕತ್ತಲಲ್ಲೇ ಬೆರಳು ಮೂಸಿ ನೋಡ್ಕೊಂಡೆ. ಸೋಪಿನ ವಾಸನೆ. ಪಕ್ಕದಲ್ಲಿ ಮಲಗಿದ್ದೋಳು ನಿದ್ದೆಗಣ್ಣಲ್ಲೇ "ಯಾಕ್ರೀ, ಬೆಡ್‌ಶೀಟ್ ತರ್ಲಾ" ಅಂದ್ಲು.