ಗಾಳದ ರೀಲಿಗೆ ಯಾವ ಎಣ್ಣೆ ಹಾಕಬೇಕು? ಹೊಲಿಗೆ ಯಂತ್ರದ ಎಣ್ಣೆ ಸಾಕೇ?

ಬೇರಿಂಗ್‌ಗಳಿಗೆ ತೆಳುವಾದ ಎಣ್ಣೆ, ಗೇರುಗಳಿಗೆ ಗ್ರೀಸ್ ಬೇಕು. ಹೊಲಿಗೆ ಯಂತ್ರದ ಎಣ್ಣೆಯೂ ತೆಳುವಾದ ಖನಿಜ ತೈಲವೇ ಆದ್ದರಿಂದ ಬೇರಿಂಗ್‌ಗೆ ಅದನ್ನು ಬಳಸಬಹುದು. ಗೇರುಗಳಿಗೆ ಅದು ಸಾಲದು.

ಬೇರಿಂಗ್‌ನೊಳಗಿನ ಗುಂಡುಗಳು ಉರುಳುತ್ತವೆ. ಅಲ್ಲಿ ಗಟ್ಟಿ ಗ್ರೀಸ್ ತುಂಬಿದರೆ ಅದನ್ನು ತಳ್ಳುವುದಕ್ಕೇ ಶಕ್ತಿ ವ್ಯಯವಾಗಿ, ಎಸೆಯುವಾಗ ಸುರುಳಿಯೇ ತಿರುಗುವಂಥ ರೀಲುಗಳಲ್ಲಿ ಗಾಳ ದೂರ ಹೋಗುವುದಿಲ್ಲ. ಗೇರಿನ ಹಲ್ಲುಗಳಾದರೋ ದೊಡ್ಡ ಮೀನು ಎಳೆಯುವಾಗ ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುವುದರಿಂದ, ತೆಳು ಎಣ್ಣೆ ಅವುಗಳ ನಡುವಿನಿಂದ ಹೊರಕ್ಕೆ ಸರಿದುಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಹಿಡಿಕೆ ತಿರುಗಿಸಿದಾಗ ಮರಳು ಅರೆದಂತೆ ಕರಕರ ಎನ್ನುವುದು ಈ ಸವೆತದ ಗುರುತಾಗಿರಬಹುದು.

ಬೇರಿಂಗ್‌ಗೆ ಒಂದೇ ಹನಿ ಸಾಕು. ಕೊಬ್ಬರಿ ಎಣ್ಣೆಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳತಾದಂತೆ ಜಿಗುಟಾಗುತ್ತದೆ. ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಡ್ರ್ಯಾಗ್ ಬಿಲ್ಲೆಗಳಿಗೆ ಬೇರಿಂಗ್‌ನ ಎಣ್ಣೆಯೂ ತಾಗಬಾರದು, ಏಕೆಂದರೆ ಅವು ಕೆಲಸ ಮಾಡುವುದೇ ಘರ್ಷಣೆಯಿಂದ. ಸಮುದ್ರದಲ್ಲಿ ಬಳಸಿದ ರೀಲಾದರೆ, ಸಿಹಿನೀರಿನಿಂದ ಮೆಲ್ಲಗೆ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಎಣ್ಣೆ ಹಾಕಿ. ಒಳಗೆ ಉಳಿದ ಉಪ್ಪನ್ನು ಯಾವ ಎಣ್ಣೆಯೂ ತೆಗೆಯದು.