ಆರೋಗ್ಯ ಪ್ರಶ್ನೋತ್ತರ: ಅಮ್ಮನ ಮಂಡಿನೋವಿಗೆ ಸಿಬಿಡಿ ಎಣ್ಣೆ ಕೊಡಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಮಂಡಿನೋವಿನಿಂದ ರಾತ್ರಿ ನಿದ್ದೆಯಿಲ್ಲ. ಹೃದಯದ ಕವಾಟ ಬದಲಿಸಿರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಅಮೆರಿಕದಲ್ಲಿರುವ ತಮ್ಮ ಈ ಸಲ ಬರುವಾಗ ಸಿಬಿಡಿ ಎಣ್ಣೆ ತಂದುಕೊಟ್ಟಿದ್ದಾನೆ. 30 ಮಿ.ಲೀ. ಸೀಸೆಯಲ್ಲಿ 900 ಮಿ.ಗ್ರಾಂ. ಇದೆಯೆಂದೂ, ದಿನಕ್ಕೆ ಎರಡು ಸಲ ಅರ್ಧ ಮಿ.ಲೀ. ನಾಲಿಗೆಯಡಿ ಹಾಕಬೇಕೆಂದೂ ಬರೆದಿದೆ. ಇದು ಗಾಂಜಾ ಅಲ್ಲವೇ? ಚಟವಾಗುತ್ತದೆಯೇ? ಕೊಡಬಹುದೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಕೊಡಬೇಡಿ. ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳ ಕೆಲಸವನ್ನು ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ತಡೆಯಬಲ್ಲದು. ಆಗ ಎಂದಿನ ಮಾತ್ರೆಯೇ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ರಕ್ತ ಅಗತ್ಯಕ್ಕಿಂತ ತೆಳುವಾಗುತ್ತದೆ. ಕವಾಟ ಬದಲಿಸಿದವರಲ್ಲಿ ಇದು ಸಣ್ಣ ಸಂಗತಿಯಲ್ಲ. ಈಗಾಗಲೇ ಕೆಲವು ದಿನ ಕೊಟ್ಟಿದ್ದರೆ ಹೃದ್ರೋಗ ತಜ್ಞರಿಗೆ ಮುಚ್ಚಿಡದೆ ತಿಳಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಒಸಡಿನಿಂದ ರಕ್ತ ಬರುವುದು, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಮೂಡುವುದು, ಮಲ ಕಪ್ಪಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಗಾಂಜಾದ ಮಾತು. ಸಿಬಿಡಿ ಬರುವುದು ಅದೇ ಗಿಡದಿಂದ, ಆದರೆ ಅಮಲೇರಿಸುವುದು ಅದರಲ್ಲಿರುವ ಟಿಎಚ್‌ಸಿ ಎಂಬ ಇನ್ನೊಂದು ರಾಸಾಯನಿಕ. ಮಿದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಕ್ಕೆ (ರಿಸೆಪ್ಟರ್) ಸಿಬಿಡಿ ಹೆಚ್ಚೇನೂ ಅಂಟಿಕೊಳ್ಳುವುದಿಲ್ಲ. ಆದ್ದರಿಂದ ಶುದ್ಧ ಸಿಬಿಡಿ ಅಮಲೇರಿಸುವುದಿಲ್ಲ; ಅದು ಚಟ ಹಿಡಿಸುವ ಲಕ್ಷಣ ತೋರಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಹೇಳಿದ್ದಾರೆ. ಆದರೆ ಸೀಸೆಯಲ್ಲಿರುವುದು ಶುದ್ಧವೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಆನ್‌ಲೈನ್ ಮೂಲಕ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಸಂಶೋಧಕರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಲೇಬಲ್‌ನಲ್ಲಿದ್ದ ಪ್ರಮಾಣ ಸರಿಯಾಗಿದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ವಯಸ್ಸಾದವರು ರಾತ್ರಿ ತಲೆತಿರುಗಿ ಬಿದ್ದು ಸೊಂಟ ಮುರಿದುಕೊಳ್ಳಲು ಅಷ್ಟು ಟಿಎಚ್‌ಸಿಯೇ ಸಾಕಾದೀತೆಂಬುದು ನನ್ನ ಆತಂಕ.

ಮಂಡಿನೋವಿಗೆ ಇದು ಫಲ ಕೊಡುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಆತಂಕ ತಗ್ಗಿಸುವ ಬಗ್ಗೆ ಕುತೂಹಲ ಹುಟ್ಟಿಸುವ ಪ್ರಯೋಗಗಳು ನಡೆದಿವೆ, ಆದರೆ ಅವು ಚಿಕ್ಕವು; ಅಲ್ಲಿ ಒಮ್ಮೆಗೆ ಕೊಟ್ಟದ್ದು 300ರಿಂದ 600 ಮಿ.ಗ್ರಾಂ. ನಿಮ್ಮ ಸೀಸೆಯ ಲೆಕ್ಕದಲ್ಲಿ ದಿನಕ್ಕೆ ಸಿಗುವುದು 30 ಮಿ.ಗ್ರಾಂ. ಮಾತ್ರ. ನಾಲಿಗೆಯಡಿ ಹಾಕಿದ್ದರಲ್ಲಿ ಬಹುಪಾಲು ನುಂಗಿಯೇ ಹೋಗುತ್ತದೆ. ನುಂಗಿದ್ದರಲ್ಲಿ ರಕ್ತ ಸೇರುವುದು ಸ್ವಲ್ಪವೇ. ತೊಡೆಯ ಸ್ನಾಯುಗಳಿಗೆ ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮದಿಂದ ನಿಮ್ಮ ತಾಯಿಯವರಿಗೆ ಇದಕ್ಕಿಂತ ಹೆಚ್ಚು ನೆಮ್ಮದಿ ಸಿಗಬಹುದು. ನೋವಿನ ಮಾತ್ರೆಯನ್ನೂ ಸ್ವಂತವಾಗಿ ಕೊಡಬೇಡಿ, ಏಕೆಂದರೆ ಅವುಗಳಲ್ಲಿ ಹಲವು ವಾರ್ಫರಿನ್ ಜೊತೆ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ನಿಮ್ಮ ತಮ್ಮನಿಗೂ ಒಂದು ಮಾತು ತಿಳಿಸಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಗಿಡದ ಹೂಗೊಂಚಲು ಗಾಂಜಾ, ಅಂಟು ಚರಸ್. ಹೂವಿಲ್ಲದ ಬರಿ ಎಲೆ ಮತ್ತು ಬೀಜ ಅದರಿಂದ ಹೊರಗಿವೆ. ಇಲ್ಲಿ ‘ವಿಜಯಾ’ ಎಂಬ, ಈ ಗಿಡದ ಆಯುರ್ವೇದದ ಹೆಸರಿನಲ್ಲಿ ಆಯುಷ್ ಪರವಾನಗಿಯೊಂದಿಗೆ ಮಾರುವ ಔಷಧಗಳು ಎಲೆಯ ಸಾರದವು. ಅಮೆರಿಕದ ಎಣ್ಣೆಯನ್ನು ಸಾಮಾನ್ಯವಾಗಿ ಹೂವಿನಿಂದಲೇ ತೆಗೆಯುವುದರಿಂದ, ಅಲ್ಲಿ ಅಂಗಡಿಯಲ್ಲಿ ಸಿಕ್ಕಿತೆಂದು ಚೀಲದಲ್ಲಿಟ್ಟು ತಂದರೆ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಲುಕಬಹುದು.

ಪ್ರಶ್ನೆ: ಆರು ವರ್ಷದ ಮಗನಿಗೆ ಮೂರು ಔಷಧ ಕೊಟ್ಟರೂ ಫಿಟ್ಸ್ ನಿಂತಿಲ್ಲ. ತೂಕ 20 ಕೆ.ಜಿ. ಸಿಬಿಡಿಯಿಂದ ಗುಣವಾಗುತ್ತದೆ ಎಂದು ಓದಿದೆ. ಆನ್‌ಲೈನ್‌ನಲ್ಲಿ ತರಿಸಲೇ?
– ಓದುಗರು, ಹಾಸನ

ಉತ್ತರ: ನೀವು ಓದಿದ್ದರಲ್ಲಿ ನಿಜಾಂಶವಿದೆ. ಸಿಬಿಡಿಗೆ ಅತ್ಯಂತ ಗಟ್ಟಿ ಪುರಾವೆ ಇರುವುದೇ ಮಕ್ಕಳ ಮೂರ್ಛೆರೋಗದ ಕೆಲವು ಕಠಿಣ ಬಗೆಗಳಲ್ಲಿ. ನಮ್ಮ ದೇಶಕ್ಕೆ ಈ ಸಂಬಂಧ ಹೊಸದೂ ಅಲ್ಲ. 1839ರಷ್ಟು ಹಿಂದೆಯೇ ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಓ’ಶಾನೆಸ್ಸಿ, ನಲವತ್ತು ದಿನದ ಕೂಸಿನ ಸೆಳೆತಕ್ಕೆ ಈ ಗಿಡದ ಸಾರ ಕೊಟ್ಟದ್ದನ್ನು ದಾಖಲಿಸಿದ್ದರು. ಅಂಥ ಕಠಿಣ ಬಗೆಗಳಲ್ಲೊಂದಾದ ಡ್ರಾವೆ ಸಿಂಡ್ರೋಮ್ ಇದ್ದ 120 ಮಕ್ಕಳು ಮತ್ತು ತರುಣರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಿಬಿಡಿ ಪಡೆದವರಲ್ಲಿ ತಿಂಗಳ ಸೆಳೆತಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು; ಹುಸಿ ಔಷಧ ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತಷ್ಟೆ. ಸೆಳೆತ ಕಡಿಮೆಯಾಯಿತು, ಆದರೆ ಹೆಚ್ಚಿನವರಲ್ಲಿ ಪೂರ್ತಿ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರವವನ್ನು ಡ್ರಾವೆ ಮತ್ತು ಲೆನಾಕ್ಸ್–ಗ್ಯಾಸ್ಟೊ ಸಿಂಡ್ರೋಮ್‌ಗಳಿಗೆ ಒಪ್ಪಿತು. 2020ರಲ್ಲಿ ಟ್ಯೂಬರಸ್ ಸ್ಕ್ಲಿರೋಸಿಸ್ ಕಾಯಿಲೆಯ ಸೆಳೆತಗಳಿಗೂ ಅದನ್ನು ವಿಸ್ತರಿಸಿತು.

ಆ ಪ್ರಯೋಗದಲ್ಲಿ ಕೊಟ್ಟದ್ದು ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 20 ಮಿ.ಗ್ರಾಂ., ಅಂದರೆ ನಿಮ್ಮ ಮಗನ ತೂಕಕ್ಕೆ 400. ಧಾರವಾಡದವರ ಬಳಿಯಿರುವಂಥ ಸೀಸೆ ಎರಡೂಕಾಲು ದಿನಕ್ಕೆ ಮುಗಿದುಹೋಗುತ್ತದೆ, ಅದರಲ್ಲಿ ಏನಿದೆಯೆಂಬ ಖಾತ್ರಿಯೂ ಇಲ್ಲ. ಹಾಗಾಗಿ ತರಿಸಬೇಡಿ. ಮೊದಲು ಯಾವ ಬಗೆಯ ಮೂರ್ಛೆರೋಗ ಎಂಬುದು ಖಚಿತವಾಗಬೇಕು. ಡ್ರಾವೆ ಇದ್ದ ಮಕ್ಕಳಿಗೆ ಕಾರ್ಬಮಜೆಪಿನ್‌ನಂತಹ ಸಾಮಾನ್ಯ ಔಷಧವೇ ಸೆಳೆತ ಹೆಚ್ಚಿಸಬಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೆ ಇದುವರೆಗಿನ ಎಲ್ಲ ಚೀಟಿ, ಇಇಜಿ ಮತ್ತು ಸ್ಕ್ಯಾನ್ ವರದಿಗಳೊಂದಿಗೆ ಕರೆದೊಯ್ಯಿರಿ. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ತಜ್ಞರು ಸಿಬಿಡಿ ಆರಂಭಿಸಿದರೂ ಯಕೃತ್ತಿನ ಪರೀಕ್ಷೆಯನ್ನು ಮೊದಲೊಮ್ಮೆ, ಆಮೇಲೆ ಆಗಾಗ ಮಾಡಿಸಬೇಕಾಗುತ್ತದೆ. ಮಗು ವಾಲ್ಪ್ರೋಯೇಟ್ ಎಂಬ ಫಿಟ್ಸ್ ಔಷಧ ತೆಗೆದುಕೊಳ್ಳುತ್ತಿದ್ದರೆ ಇದು ಇನ್ನೂ ಮುಖ್ಯ. ಕ್ಲೋಬಜಾಮ್ ಎಂಬ ಇನ್ನೊಂದು ಫಿಟ್ಸ್ ಔಷಧ ಜೊತೆಗಿದ್ದರೆ ಮಂಪರು ಹೆಚ್ಚುವುದರಿಂದ ಅದರ ಪ್ರಮಾಣವನ್ನು ಅವರೇ ತಗ್ಗಿಸಬಹುದು. ಭೇದಿ, ಹಸಿವು ಕುಗ್ಗುವುದು ಕೂಡ ಸಾಮಾನ್ಯ. ಅಲ್ಲಿಯವರೆಗೆ ಈಗಿನ ಮೂರು ಔಷಧಗಳಲ್ಲಿ ಒಂದನ್ನೂ ನೀವಾಗಿ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ನಿಲ್ಲದೆ ಬರುವ ಫಿಟ್ಸ್‌ನಿಂದ ಮಗುವಿನ ಜೀವಕ್ಕೇ ಅಪಾಯವಾಗಬಹುದು.