ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮೊದಲು ಕಾಲು ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ರೋಗಿಗಳ ಸೇವೆಯನ್ನು ದೈವಕರೆ ಎಂದು ನಂಬಿದವರು ವಾರ್ಡಿನಲ್ಲಿ, ಓಪಿಡಿಯಲ್ಲಿ, ಚರ್ಚಿನ ಶಿಬಿರದಲ್ಲಿ ಅದನ್ನು ನಡೆಸುವುದು ಹೇಗೆ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ರೋಗಿಯ ಪಕ್ಕ ನಿಂತು ಪ್ರಾರ್ಥನೆ ಮಾಡಬೇಕು ಅನ್ನಿಸುತ್ತದೆ. ಮಾಡಬಹುದೇ? (ಹೌಸ್ ಸರ್ಜನ್, ಬೆಂಗಳೂರು)

ಅವರಾಗಿ ಕೇಳಿದರೆ ಮಾಡಿ. ಕೇಳದಿದ್ದರೆ ಮನಸ್ಸಿನಲ್ಲೇ ಮಾಡಿಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ತೊಡಕು ಇರುವುದು ಇವೆರಡರ ನಡುವೆ. "ಪ್ರಾರ್ಥನೆ ಮಾಡಲಾ?" ಎಂದು ಬಿಳಿ ಕೋಟಿನವರು ಕೇಳಿದರೆ ಮಂಚದ ಮೇಲಿರುವವರು "ಆಯ್ತು ಡಾಕ್ಟ್ರೇ" ಅನ್ನದೆ ಇನ್ನೇನು ಅಂದಾರು? ನಾಳೆ ಡ್ರೆಸ್ಸಿಂಗ್ ಮಾಡುವವರೂ ನೀವೇ, ಡಿಸ್ಚಾರ್ಜ್ ಬರೆಯುವವರೂ ನೀವೇ. ಆ "ಆಯ್ತು" ಒಪ್ಪಿಗೆಯೋ ಅಳುಕೋ ನಿಮಗೆ ಗೊತ್ತಾಗುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ. ಪರೀಕ್ಷೆ ಮುಗಿಸಿ, ಸ್ಟೂಲು ಎಳೆದುಕೊಂಡು ಕೂತು, "ಇಂಥ ಹೊತ್ತಲ್ಲಿ ನಿಮಗೆ ಧೈರ್ಯ ಎಲ್ಲಿಂದ ಬರುತ್ತೆ?" ಎಂದು ಕೇಳಿ ಸುಮ್ಮನಿರಿ. ಒಬ್ಬರು ಮಗಳ ಹೆಸರು ಹೇಳುತ್ತಾರೆ. ಒಬ್ಬರು ಮಂತ್ರಾಲಯದ ರಾಯರು ಅನ್ನುತ್ತಾರೆ. ಇನ್ನೊಬ್ಬರಿಗೆ ನಮಾಜು ತಪ್ಪಿಹೋದ ಸಂಕಟ. ಅಲ್ಲಿಂದ ನಿಮ್ಮ ಕೆಲಸ ಶುರು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂ ಮಾಡುವಾಗ ಡ್ರಿಪ್ಪಿನ ಕ್ಯಾನುಲಾ ನೆನೆಯದಂತೆ ಕೈಗೆ ಪ್ಲಾಸ್ಟಿಕ್ ಸುತ್ತಿಕೊಡುವುದೂ ಸೇವೆಯೇ. ಜೆರಿಕೋದ ದಾರಿಯಲ್ಲಿ ಕೂಗಿದ ಕುರುಡನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು "ನಿನಗೇನು ಮಾಡಬೇಕು?" ಎಂದು ಅವನನ್ನೇ ಕೇಳಿದರು.

ಪ್ರಾರ್ಥನೆ ಬೇಕೆಂದವರಿಗೆ ಅರ್ಧ ನಿಮಿಷ ಸಾಕು, ಅದೂ ಅವರ ಭಾಷೆಯಲ್ಲಿ, ಪಕ್ಕದ ಮಂಚಕ್ಕೆ ಕೇಳಿಸದಂತೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ, ಬಿಲ್ಲಿನ ಮಾತು ನಡೆದಾಗ, ನೋವಿನಲ್ಲಿ ಒದ್ದಾಡುವಾಗ ಬೇಡವೇ ಬೇಡ. "ವಾಸಿಯಾಗೇ ಆಗುತ್ತೆ" ಅನ್ನಬೇಡಿ. ಪ್ರಾರ್ಥನೆ ಆಯಿತೆಂದು ಇನ್ಸುಲಿನ್ ಬಿಟ್ಟು ವಾಪಸ್ ಬರುವವರಿದ್ದಾರೆ. ಆಮೆನ್ ಹೇಳಿದ ಉಸಿರಿನಲ್ಲೇ "ಮಾತ್ರೆ ಮಾತ್ರ ನಿಲ್ಲಿಸಬೇಡಿ" ಅಂದುಬಿಡಿ.

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಪ್ರತಿವರ್ಷ ಅಕ್ಟೋಬರ್ 18ರ ಸಂತ ಲೂಕರ ಹಬ್ಬದ ಹತ್ತಿರ ಉಚಿತ ಶಿಬಿರ. ಬಿಪಿ, ಶುಗರ್ ನೋಡಿ ಹದಿನೈದು ದಿನದ ಮಾತ್ರೆ ಕೊಡುತ್ತೇವೆ. ಇನ್ನೇನು ಸೇರಿಸಬಹುದು? (ಯುವಜನ ಸಂಘ, ಲಿಂಗರಾಜಪುರ)

ಸೇರಿಸುವ ಮೊದಲು ಒಂದನ್ನು ತೆಗೆಯಿರಿ: ಆ ಹದಿನೈದು ದಿನದ ಮಾತ್ರೆ. ಹದಿನಾರನೇ ದಿನ ಅವರೇನು ಮಾಡಬೇಕು? ಬಿಪಿ ಮಾತ್ರೆ ನಡುವೆ ನಿಂತರೆ ಒತ್ತಡ ಮತ್ತೆ ಏರುತ್ತದೆ. ರೋಗಿ ಮಾತ್ರ "ಚರ್ಚಲ್ಲಿ ಕೊಟ್ರು, ಮುಗೀತು" ಎಂದು ನೆಮ್ಮದಿಯಾಗಿರುತ್ತಾರೆ. ಅದರ ಬದಲು ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನ ವಿಳಾಸ, ಸಮಯ ಬರೆದ ಚೀಟಿಗೆ ಅಂದಿನ ಅಂಕಿಗಳನ್ನೂ ಬರೆದು ಕೊಡಿ. ಬಿಪಿಯನ್ನೂ ಸಾಲಿನಲ್ಲಿ ನಿಂತವರಿಗೆ ದಡಬಡ ನೋಡಬೇಡಿ. ಐದು ನಿಮಿಷ ಕೂತಿರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಬಾಯಿ ಮುಚ್ಚಿರಬೇಕು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ.

ಇನ್ನು ಸೇರಿಸುವುದು: ಕಾಲು. ಸಕ್ಕರೆ ಕಾಯಿಲೆಯವರಿಗೆ ಶಿಬಿರಗಳಲ್ಲಿ ಬೆರಳು ಚುಚ್ಚುತ್ತಾರೆ, ಚಪ್ಪಲಿ ಬಿಚ್ಚಿಸುವವರು ಕಡಿಮೆ. ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವ ಧರ್ಮಕೇಂದ್ರಕ್ಕೆ ಇದೇನು ಹೊಸ ಕೆಲಸವಲ್ಲ, ವರ್ಷಕ್ಕೆ ಇನ್ನೊಂದು ದಿನ ಅಷ್ಟೆ.

ಎರಡು ಸ್ಟೂಲು, ಟಾರ್ಚು, ಮಗ್ಗು, ಒಬ್ಬೊಬ್ಬರಿಗೂ ಬೇರೆ ಒಣಬಟ್ಟೆ. ಉಗುರುಬೆಚ್ಚಗಿನ ನೀರು, ಅದನ್ನೂ ಸ್ವಯಂಸೇವಕರೇ ಮೊಣಕೈಯಿಂದ ಮುಟ್ಟಿ ನೋಡಬೇಕು. ರೋಗಿಯ ಪಾದ ಮರಗಟ್ಟಿದ್ದರೆ ಬಿಸಿ ಅವರಿಗೆ ತಿಳಿಯುವುದೇ ಇಲ್ಲ. ನೆನೆಹಾಕಬೇಡಿ, ತೊಳೆದು ಬೆರಳ ಸಂದು ಸಂದೂ ಒರೆಸಿ. ಆಮೇಲೆ ಟಾರ್ಚು ಹಿಡಿದು ನೋಡಿ: ಸಂದಿನಲ್ಲಿ ಬೆಳ್ಳಗೆ ಕೊಳೆತ ಚರ್ಮ, ಹಿಮ್ಮಡಿಯ ಒಡಕು, ಆಣಿಯ ಅಡಿಯಲ್ಲಿ ಕಪ್ಪು ಚುಕ್ಕೆ. ಆಣಿಯ ಕೆಳಗಿನ ಕಪ್ಪು ಎಂದರೆ ಒಳಗೆ ರಕ್ತ ಕಟ್ಟಿರಬಹುದು, ಹುಣ್ಣೇ ಅಡಗಿರಲೂಬಹುದು.

ಸ್ಪರ್ಶ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರೋಗಿ ಕಣ್ಣು ಮುಚ್ಚಲಿ. ನಿಮ್ಮ ತೋರುಬೆರಳ ತುದಿಯಿಂದ ಹೆಬ್ಬೆರಳು, ಮೂರನೇ ಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಎರಡೂ ಕಾಲು ಸೇರಿ ಆರು ಜಾಗ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಒತ್ತಿದರೆ ಬೇರೆ ನರ ಉತ್ತರ ಕೊಟ್ಟು ಮೋಸವಾಗುತ್ತದೆ. ಗೊತ್ತಾಗಲಿಲ್ಲವೆಂದು ಅದೇ ಜಾಗವನ್ನು ಮತ್ತೆ ಮುಟ್ಟುವುದೂ ಬೇಡ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಕಾವಲಾದ ಸ್ಪರ್ಶಜ್ಞಾನ ಹೋಗಿದೆ ಎಂದೇ ತಿಳಿದು ಚೀಟಿ ಬರೆಯಿರಿ. 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷೆಯ ನೈಲಾನ್ ಎಳೆ) ಇದ್ದರೆ ಇನ್ನೂ ಒಳ್ಳೆಯದು. ಮೊದಲು ಕೈಮೇಲೆ ತೋರಿಸಿ, ಆಮೇಲೆ ಎಳೆ ಬಾಗುವಷ್ಟು ಒತ್ತಿ, ಆಣಿಯ ಮೇಲೆ ಬೇಡ. ಹತ್ತು ಜನರಾದ ಮೇಲೆ ಎಳೆ ಸಡಿಲವಾಗುತ್ತದೆ, ಆದ್ದರಿಂದ ಒಂದಕ್ಕಿಂತ ಹೆಚ್ಚು ತನ್ನಿ. ಪಾದದ ಮೇಲೂ ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ನಾಡಿ ಸಿಗುತ್ತದೆಯೇ ನೋಡಿ.

ಕೊನೆಗೆ ಚಪ್ಪಲಿ. ಹವಾಯಿ ಚಪ್ಪಲಿಯ ಅಡಿಯಿಂದ ತೂರಿದ ಮೊಳೆ ಮರಗಟ್ಟಿದ ಕಾಲಿಗೆ ಗೊತ್ತಾಗುವುದಿಲ್ಲ, ಅದರ ಮೇಲೆ ಕೈಯಾಡಿಸಿದರೆ ನಿಮಗೆ ಗೊತ್ತಾಗುತ್ತದೆ. ಹರಕೆಯ ಬಗ್ಗೆಯೂ ಕೇಳಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಬರಿಗಾಲಲ್ಲಿ ನಡೆಯುವವರಿಗೂ ದೇವಸ್ಥಾನದ ಕಲ್ಲುಹಾಸಿನಲ್ಲಿ ಪ್ರದಕ್ಷಿಣೆ ಹಾಕುವವರಿಗೂ ಕಾದ ನೆಲ ಒಂದೇ. ಹರಕೆಯನ್ನು ಹೀಯಾಳಿಸದೆ, ಬೇರೆ ರೂಪದಲ್ಲಿ ತೀರಿಸಬಹುದೇ ಎಂದು ಅವರ ಗುರುಗಳನ್ನೋ ಅರ್ಚಕರನ್ನೋ ವಿಚಾರಿಸಲು ಹೇಳಿ.

ಕೀವು, ಕಪ್ಪಾದ ಬೆರಳು, ಆಳದ ಹುಣ್ಣು ಕಂಡರೆ ಅಂದೇ ಆಸ್ಪತ್ರೆಗೆ. ಗಾಯವಿಲ್ಲದೆ ಒಂದೇ ಪಾದ ಊದಿ ಬಿಸಿಯಾಗಿ ಕೆಂಪಾಗಿದ್ದರೂ ಅಷ್ಟೇ. ಹೆಚ್ಚು ನೋವಿಲ್ಲವೆಂದು ಅದನ್ನು ಉಳುಕು ಅಂದುಕೊಳ್ಳುತ್ತಾರೆ, ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಆ ಕಾಲೂರಿ ಬಸ್ಸು ಹತ್ತಲು ಬಿಡಬೇಡಿ.

ಪ್ರಶ್ನೆ: ಸೇವೆ ಅಂದಮೇಲೆ ಫೀಸು ತೆಗೆದುಕೊಳ್ಳುವುದು ತಪ್ಪೇ? (ಜನರಲ್ ಪ್ರಾಕ್ಟೀಷನರ್, ಕಮ್ಮನಹಳ್ಳಿ)

ಅಲ್ಲ. ಆಳು ತನ್ನ ಕೂಲಿಗೆ ಯೋಗ್ಯನೆಂದು ಲೂಕನ ಸುವಾರ್ತೆಯೇ ಹೇಳುತ್ತದೆ. ಫೀಸನ್ನು ಬೋರ್ಡಿನಲ್ಲಿ ಬರೆದು ಹಾಕಿ. ಕೊಡಲಾಗದವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಡಿ. ತಪ್ಪು ಯಾವುದೆಂದರೆ ಲ್ಯಾಬಿನಿಂದ, ಸ್ಕ್ಯಾನಿಂಗ್ ಸೆಂಟರಿನಿಂದ ಬರುವ ಕಟ್, ಅಂದರೆ ಕಮಿಷನ್. ಅದನ್ನು ವೈದ್ಯರ 2002ರ ವೃತ್ತಿನಡತೆ ನಿಯಮಾವಳಿಯೂ ನಿಷೇಧಿಸಿದೆ. ಚರ್ಚಿಗೆ ಕೊಡುವ ದಶಾಂಶಕ್ಕೆ ಹಾಕಿದರೂ ಅದು ಕಟ್ಟೇ.

ಪ್ರಶ್ನೆ: ನಾನು ಕ್ಯಾಥೊಲಿಕ್, ಸ್ತ್ರೀರೋಗ ವಿಭಾಗದಲ್ಲಿ ಪಿಜಿಗೆ ಸೇರಿದ್ದೇನೆ. ಗರ್ಭಪಾತ ಮಾಡಲು ಮನಸ್ಸು ಒಪ್ಪುವುದಿಲ್ಲ. ಕಾನೂನು ಏನನ್ನುತ್ತದೆ?

ನೇರವಾಗಿ ಹೇಳುತ್ತೇವೆ, ಕಾನೂನು ನಿಮಗೆ ಅಷ್ಟೇನೂ ಅನುಕೂಲವಾಗಿಲ್ಲ. ವೈದ್ಯಕೀಯ ಕಾರಣವಿದ್ದಾಗ ಕೇವಲ ಧಾರ್ಮಿಕ ಕಾರಣಕ್ಕೆ ನಿರಾಕರಿಸಬಾರದು, ಆ ಕೆಲಸ ತನಗೆ ಬಾರದು ಎನ್ನುವವರಿಗೆ ಮಾತ್ರ ವಿನಾಯಿತಿ ಎಂದು 2002ರ ನಿಯಮಾವಳಿ ಹೇಳುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು.

ಆದ್ದರಿಂದ ರಾತ್ರಿ ಡ್ಯೂಟಿಯಲ್ಲಿ ಹೆಣ್ಣುಮಗಳೊಬ್ಬಳು ಎದುರು ಕೂತಾಗ ಈ ಮಾತು ಎತ್ತಬೇಡಿ. ಸೇರಿದ ಮೊದಲ ವಾರವೇ ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ತಿಳಿಸಿ, ನಿಮ್ಮ ಬದಲು ಯಾರು ನೋಡುತ್ತಾರೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರದವರೆಗೆ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರದು ಬೇಕು. ನಿಮ್ಮಿಂದ ವಾರ ತಡವಾದರೆ ಈ ಗೆರೆ ದಾಟಿಬಿಡಬಹುದು. ಬೈಯುವುದು, ಸ್ಕ್ಯಾನ್ ಮುಂದೂಡುವುದು, ಮನೆಯವರಿಗೆ ಹೇಳಿಬಿಡುವುದು ಆತ್ಮಸಾಕ್ಷಿಯಲ್ಲ, ಗುಟ್ಟು ಬಿಟ್ಟುಕೊಡುವುದು ಅಪರಾಧ ಕೂಡ. ಎಲ್ಲೋ ಮಾತ್ರೆ ನುಂಗಿ ರಕ್ತಸ್ರಾವವಾಗಿ ಬಂದವಳ ವಿಷಯದಲ್ಲಂತೂ ಪ್ರಶ್ನೆಯೇ ಇಲ್ಲ: ಎರಡು ದಪ್ಪ ಕ್ಯಾನುಲಾ, ಗ್ರೂಪಿಂಗ್‌ಗೆ ರಕ್ತ, ಡ್ರಿಪ್ಪು, ಸೀನಿಯರಿಗೆ ಫೋನು.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ನೋವು ತಡೆಯಲಾಗುತ್ತಿಲ್ಲ. ಮಾರ್ಫಿನ್ ಬೇಡ, ಇದು ದೇವರು ಕೊಟ್ಟ ಶಿಲುಬೆ ಎಂದು ದೊಡ್ಡಮ್ಮ ಹೇಳುತ್ತಾರೆ. ಚಟವಾಗುತ್ತದೆ ಎಂಬ ಭಯವೂ ಇದೆ. (ಓದುಗರು, ಹೆಣ್ಣೂರು)

ಶಿಲುಬೆಗೇರಿಸುವ ಮುನ್ನ ಕೊಟ್ಟ, ನೋವು ಮರೆಸುವುದೆಂದು ನಂಬಲಾದ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ನಿರಾಕರಿಸಿದ್ದು ನಿಜ, ಮಾರ್ಕನ ಸುವಾರ್ತೆಯಲ್ಲಿದೆ. ಅವರು ಬೇಡವೆಂದದ್ದು ತಮ್ಮ ಪಾಲಿನದನ್ನು. ಬೇರೆ ಯಾರ ನೋವಿಗೂ ಅವರು ಹಾಗೆ ಹೇಳಲಿಲ್ಲ, ಅವರು ಹೇಳಿದ ಕತೆಯ ಸಮಾರಿಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ. ಬೇರೆ ದಾರಿಯಿಲ್ಲದಾಗ ನೋವಿಗೆ ಇಂಥ ಔಷಧ ಕೊಡಬಹುದು ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಹೇಳಿದ್ದಾರೆ. ದೊಡ್ಡಮ್ಮನವರಿಗೆ ಇದನ್ನು ಗುರುಗಳ ಬಾಯಿಂದಲೇ ಹೇಳಿಸಿ, ನಿಮ್ಮ ಮಾತಿಗಿಂತ ಬೇಗ ನಾಟುತ್ತದೆ.

ಡಾಕ್ಟರು ಬರೆಯುವುದು ಸಾಮಾನ್ಯವಾಗಿ ಹೀಗೆ: ಬಾಯಿಯ ಮಾತ್ರೆ 5 ಮಿ.ಗ್ರಾಂ, ನಾಲ್ಕು ಗಂಟೆಗೊಮ್ಮೆ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಇನ್ನೂ ಕಡಿಮೆ, ಅಂತರವೂ ಹೆಚ್ಚು. ನಡುರಾತ್ರಿ ಎಬ್ಬಿಸಬಾರದೆಂದು ಮಲಗುವ ಮುಂಚಿನದನ್ನು ಎರಡರಷ್ಟು ಬರೆಯುವುದುಂಟು. ನಡುವೆ ನೋವು ಎದ್ದರೆ ದಿನದ ಒಟ್ಟಿನ ಆರನೇ ಒಂದು ಪಾಲು: ದಿನಕ್ಕೆ 30 ಆದರೆ 5. ಮನೆಯವರು ಮಾಡುವ ತಪ್ಪು ಒಂದೇ, "ನೋವು ಬಂದಾಗ ಕೊಟ್ಟರಾಯ್ತು" ಎಂದು ಕಾಯುವುದು. ಏರಿದ ನೋವನ್ನು ಇಳಿಸಲು ಹೆಚ್ಚು ಮದ್ದು ಬೇಕು. ಗಡಿಯಾರ ನೋಡಿ ಕೊಡಿ.

ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ತಾನಾಗಿ ಹೋಗುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಜತೆಗಿರಬೇಕು, ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ವಾಕರಿಕೆ, ತೂಕಡಿಕೆ ಮೊದಲ ಕೆಲವು ದಿನ ಮಾತ್ರ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಮುಂದಿನ ಡೋಸ್ ಕೊಡದೆ ತಕ್ಷಣ ಫೋನ್ ಮಾಡಿ. ಕ್ಯಾನ್ಸರ್ ನೋವಿಗೆ ಲೆಕ್ಕವಿಟ್ಟು ಕೊಟ್ಟಾಗ ಚಟ ಹತ್ತುವುದು ಅಪರೂಪ. ಬಹಳ ದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಬಾರದು, ಅದು ಬೇರೆ ವಿಷಯ. ಬಾಯಿಯ ಮಾರ್ಫಿನ್ ಸಾದಾ ಔಷಧದಂಗಡಿಯಲ್ಲಿ ಸಿಗುವುದು ಕಷ್ಟ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವುಶಮನ ವಿಭಾಗವನ್ನು ವಿಚಾರಿಸಿ. ಮಾರತಹಳ್ಳಿ ಕಡೆಯ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳ ಆರೈಕೆ ಉಚಿತ.

ಪ್ರಶ್ನೆ: ಆಸ್ಪತ್ರೆಯಲ್ಲಿರುವವರಿಗೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಒಯ್ಯುವ ಸ್ವಯಂಸೇವಕಿ ನಾನು. ಏನೇನು ಗಮನಿಸಬೇಕು?

ಮಂಚದ ತಲೆಗೆ "ನಿಲ್ ಬೈ ಮೌತ್" (ಬಾಯಿಗೆ ಏನೂ ಕೊಡಬಾರದು) ಎಂಬ ಫಲಕವಿದೆಯೇ ನೋಡಿ, ಇಲ್ಲದಿದ್ದರೂ ಡ್ಯೂಟಿ ಸಿಸ್ಟರನ್ನು ಕೇಳಿ. ಪಾರ್ಶ್ವವಾಯುವಾದವರಿಗೆ ನುಂಗುವ ಪರೀಕ್ಷೆ ಆಗದೆ ಚೂರನ್ನೂ ಕೊಡಬೇಡಿ. ಒಣ ರೊಟ್ಟಿ ಅಂಗುಳಕ್ಕೆ ಅಂಟಿ ಶ್ವಾಸನಾಳಕ್ಕೆ ಇಳಿದೀತು, ನೀರು ಕುಡಿಸಿದರೆ ಅದೂ ಇಳಿಯುತ್ತದೆ. ನುಂಗಬಲ್ಲವರನ್ನು ನೆಟ್ಟಗೆ ಕೂರಿಸಿ, ಸಣ್ಣ ಚೂರು ಸಾಕು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿ, ಇನ್ಸುಲಿನ್ ಹಾಕಿಸಿಕೊಂಡು ನಿಮಗಾಗಿ ತಿಂಡಿ ಬಿಟ್ಟು ಕಾಯುವ ಅಜ್ಜಿಯರಿರುತ್ತಾರೆ. ಮಂಚದ ಬಳಿ ಆಕ್ಸಿಜನ್ ಹರಿಯುತ್ತಿದ್ದರೆ ಮೇಣದಬತ್ತಿ ಹಚ್ಚಲೇಬೇಡಿ, ಬ್ಯಾಟರಿ ದೀಪ ಒಯ್ಯಿರಿ.